ಹೊಗೆಕೋಣೆಗೊಂದು ಪತ್ರ

ಥಾಯ್ಲೆಂಡಿನ ವಿಮಾನ ನಿಲ್ದಾಣಗಳಲ್ಲಿದ್ದು ಇಲ್ಲವಾದ ಗಾಜಿನ ಕೋಣೆಯೇ,

ನಿನ್ನೊಳಗೆ ನಾನು ಕಾಲಿಟ್ಟದ್ದು ಒಂದೇ ಸಲ, ಅದೂ ಎರಡು ನಿಮಿಷ. ಉಳಿದಂತೆ ನನ್ನ ಜಾಗ ನಿನ್ನ ಬಾಗಿಲಾಚೆ, ಭಾವನ ಚೀಲ ಕಾಯುತ್ತ. ಭಾವ ಮೂವತ್ತು ವರ್ಷದಿಂದ ಸಿಗರೇಟು ಸೇದುವವರು. ನಮ್ಮ ದೇಶದಲ್ಲಿ ವಿಮಾನದೊಳಕ್ಕೆ ಲೈಟರನ್ನಾಗಲಿ ಬೆಂಕಿಪೊಟ್ಟಣವನ್ನಾಗಲಿ ಒಯ್ಯುವಂತಿಲ್ಲ. ಅವರ ಲೈಟರು ಬೆಂಗಳೂರಿನ ತಪಾಸಣೆಯಲ್ಲೇ ಉಳಿದಿತ್ತು. ಅಲ್ಲಿ ಮೂರು ಗಂಟೆ ಕಾದು, ಮೇಲೆ ಮೂರೂವರೆ ಗಂಟೆ ಹಾರಿ ಇಳಿದಾಗ ನಿನ್ನ ಬಾಗಿಲು ಕಂಡು ಅವರ ಮುಖ ಅರಳಿದ್ದು ನನಗಿನ್ನೂ ನೆನಪಿದೆ. ಒಳಗೆ, ಭಾಷೆ ತಿಳಿಯದ ಯಾರೋ ಒಬ್ಬರು ತಮ್ಮ ಸಿಗರೇಟಿನ ಉರಿಯುವ ತುದಿಯನ್ನೇ ಮುಂದೆ ಚಾಚಿದರು. ಭಾವ ತಮ್ಮದನ್ನು ಅದಕ್ಕೆ ತಾಗಿಸಿಕೊಂಡರು. ಹೊರಗೆ ಬರುವಷ್ಟರಲ್ಲಿ ಅವರಿಬ್ಬರೂ ನಗುತ್ತಿದ್ದರು. ಆ ಸ್ನೇಹಕ್ಕೆ ನೀನು ಜಾಗ ಕೊಟ್ಟಿದ್ದೆ ಎಂಬುದನ್ನು ಒಪ್ಪಿಕೊಂಡೇ ಈ ಪತ್ರ ಬರೆಯುತ್ತಿದ್ದೇನೆ.

ಅದೇ ಹೊತ್ತಿಗೆ ಇನ್ನೊಬ್ಬರು ನಿನ್ನೊಳಗೆ ಹೋದರು. ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡ, ಐವತ್ತರ ಆಸುಪಾಸಿನ ಹೆಂಗಸು. ಬೂದಿಯ ತೊಟ್ಟಿ ಖಾಲಿ ಮಾಡಿದರು, ನೆಲ ಒರೆಸಿದರು, ಗಾಜಿನ ಮೇಲಿನ ಹಳದಿ ಕಲೆಯನ್ನು ತಿಕ್ಕಿದರು. ಸೇದುವವರು ಐದು ನಿಮಿಷಕ್ಕೆ ಹೊರಬರುತ್ತಿದ್ದರು. ಆಕೆ ಎಷ್ಟೋ ಹೊತ್ತು ಅಲ್ಲೇ ಇದ್ದರು.

ನನಗೆ ಅಮ್ಮನ ನೆನಪಾಯಿತು. ನಮ್ಮದು ದಕ್ಷಿಣ ಕನ್ನಡದ ಹಳ್ಳಿ. ಅಮ್ಮ ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿ ತಡಪೆ, ಅದರಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲು. ಕಟ್ಟಿದ್ದನ್ನು ಬೀಡಿ ಕಂಪನಿಯ ಬ್ರಾಂಚಿಗೆ ಒಯ್ದು ಕೊಟ್ಟರೆ ಮಜೂರಿ. ನನ್ನ ಶಾಲೆಯ ಫೀಸು ಆ ದುಡ್ಡಿನದೇ. ಜೀವಮಾನದಲ್ಲಿ ಅವರು ಒಂದು ಬೀಡಿಯನ್ನೂ ಸೇದಿದವರಲ್ಲ. ಆದರೂ ರಾತ್ರಿ ಕೆಮ್ಮುತ್ತಿದ್ದರು. ಹೊಗೆಸೊಪ್ಪಿನ ಅನ್ನ ತಿಂದು ಬೆಳೆದವನಾದ್ದರಿಂದ ಸೇದುವವರನ್ನು ಹೀಗಳೆಯಲು ನನಗೆ ಬಾಯಿ ಬರುವುದಿಲ್ಲ. ಆದರೆ ಸೇದದವರ ಎದೆಗೆ ಅದು ಇಳಿಯುವುದನ್ನು ನೋಡಿಕೊಂಡು ಸುಮ್ಮನಿರಲೂ ಆಗುವುದಿಲ್ಲ.

ನೀನಿದ್ದ ಸುವರ್ಣಭೂಮಿ ನಿಲ್ದಾಣದಲ್ಲಿ, ಪಾಸ್‌ಪೋರ್ಟ್ ತಪಾಸಣೆ ದಾಟಿ ಒಳಗೆ ಹೋದರೆ, ಸಮುದ್ರ ಮಥನದ ದೊಡ್ಡ ಶಿಲ್ಪವಿದೆ. ವಾಸುಕಿಯನ್ನು ಒಂದು ಕಡೆ ದೇವತೆಗಳು, ಇನ್ನೊಂದು ಕಡೆ ಅಸುರರು ಹಿಡಿದೆಳೆಯುತ್ತಿದ್ದಾರೆ, ಮೇಲೆ ವಿಷ್ಣು. ಅದರ ಮುಂದೆ ಫೋಟೊ ತೆಗೆಸಿಕೊಳ್ಳುವ ನಮ್ಮವರಿಗೆಲ್ಲ ಕಥೆ ಗೊತ್ತು: ಅಮೃತಕ್ಕೆ ಮೊದಲು ಹಾಲಾಹಲ ಬಂತು, ಶಿವ ಅದನ್ನು ಗಂಟಲಲ್ಲೇ ತಡೆದ. ನಿನ್ನನ್ನು ಕಟ್ಟಿದವರು ನಿನ್ನಿಂದ ಬಯಸಿದ್ದೂ ಅಷ್ಟೇ, ವಿಷವನ್ನು ಒಳಗೇ ಹಿಡಿದಿಟ್ಟುಕೊಳ್ಳಲಿ ಎಂದು. ಗಾಜಿಗೆ ಅಂಥ ಗಂಟಲಿಲ್ಲ. ಯಾರೋ ಬಾಗಿಲು ತೆರೆಯುತ್ತಾರೆ, ಹೊಗೆ ಅವರ ಬೆನ್ನಿಗೇ ಹೊರಡುತ್ತದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೊಗೆಕೋಣೆಗಳಿದ್ದ ಅಲ್ಲಿನ ಐದು ದೊಡ್ಡ ನಿಲ್ದಾಣಗಳ ಗಾಳಿಯನ್ನು ಅಳೆದು 2012ರಲ್ಲಿ ಲೆಕ್ಕ ಪ್ರಕಟಿಸಿತು. ಪೂರ್ತಿ ಹೊಗೆಮುಕ್ತವಾದ ನಿಲ್ದಾಣಗಳಿಗೆ ಹೋಲಿಸಿದರೆ ಕೋಣೆಯೊಳಗಿನ ಗಾಳಿ ಸರಾಸರಿ 23 ಪಟ್ಟು ಕೆಟ್ಟಿತ್ತು. ಅದಿರಲಿ, ಒಳಗೆ ಹೋದವರು ತಿಳಿದೇ ಹೋದವರು. ಕೋಣೆಯ ಪಕ್ಕದಲ್ಲಿ, ಮಕ್ಕಳು ಕೂತಿರಬಹುದಾದ ಜಾಗದಲ್ಲೂ, ಗಾಳಿ 5 ಪಟ್ಟು ಕೆಟ್ಟಿತ್ತು. ನಿನ್ನನ್ನು ತೆಗೆದದ್ದು ಸರಿಯೆಂದು ನನ್ನನ್ನು ಒಪ್ಪಿಸಿದ್ದು ಈ ಎರಡನೆಯ ಅಂಕಿ.

2019ರ ಫೆಬ್ರವರಿ 3ರಂದು ನಿನ್ನ ಬಾಗಿಲು ಮುಚ್ಚಿತು. ಸುವರ್ಣಭೂಮಿ, ಡಾನ್ ಮುಯಾಂಗ್, ಫುಕೆಟ್, ಚಿಯಾಂಗ್ ಮಾಯ್, ಚಿಯಾಂಗ್ ರಾಯ್, ಹಾಟ್ ಯಾಯ್: ಆರೂ ನಿಲ್ದಾಣಗಳ ಕಟ್ಟಡದೊಳಗೆ ಸೇದುವಂತಿಲ್ಲ, ಸಿಕ್ಕಿಬಿದ್ದರೆ 5,000 ಬಾತ್‌ವರೆಗೆ ದಂಡ ಎಂದು ಆಜ್ಞೆಯಾಯಿತು. ಪ್ರವಾಸಿಗರಿಂದಲೇ ಬದುಕುವ ದೇಶ ಪ್ರವಾಸಿಗರು ಮುನಿಸಿಕೊಂಡಾರೆಂದು ಹಿಂಜರಿಯಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಿಗರೇಟು ಪ್ಯಾಕಿನ ಬಣ್ಣ, ಲಾಂಛನಗಳನ್ನೂ ತೆಗೆಸಿ ಏಷ್ಯಾದಲ್ಲೇ ಮೊದಲಿಗೆ ಸಾದಾ ಪ್ಯಾಕ್ ತಂದಿತು. ನನಗೆ ಆ ದೇಶದ ಮೇಲೆ ಗೌರವ ಹೆಚ್ಚಿದ್ದು ಹೀಗೆ.

ಮುಂದಿನ ಪ್ರವಾಸದಲ್ಲಿ ಭಾವ ನಿನ್ನನ್ನು ಹುಡುಕಿದರು. ಅಲ್ಲಿನ ಸಿಬ್ಬಂದಿಯ ಹುಡುಗಿ ತಲೆಯಾಡಿಸಿ, ಹೊರಗೆ, ಕಟ್ಟಡದ ಆಚೆ ಎಂದು ಕೈ ತೋರಿದಳು. ಅಲ್ಲಿಗೆ ಹೋಗಬೇಕಾದರೆ ಪಾಸ್‌ಪೋರ್ಟ್ ಸಾಲು, ಪೆಟ್ಟಿಗೆ, ಕಸ್ಟಮ್ಸ್ ಎಲ್ಲ ಮುಗಿಯಬೇಕು. ಆ ಒಂದೂವರೆ ಗಂಟೆ ಅವರು ಪಟ್ಟ ಪಾಡನ್ನು ನೋಡಿದ್ದೇನೆ. ಬೆರಳು ನಡುಗುತ್ತಿತ್ತು, ಅಕ್ಕ ಕೇಳಿದ್ದಕ್ಕೆಲ್ಲ ಸಿಡುಕುತ್ತಿದ್ದರು. ಅದು ಚಟವೆಂದು ಬೈಯುವವರಿದ್ದಾರೆ. ಮೈಗೆ ಅಂಟಿದ ಕಾಯಿಲೆ ಎಂದೇ ನಾನು ಹೇಳುತ್ತೇನೆ. ಕಾಯಿಲೆಯವರಿಗೆ ದಾರಿಯನ್ನಾದರೂ ಸರಿಯಾಗಿ ಹೇಳಬೇಕು. ಆದ್ದರಿಂದ ನಿನಗೆ ಬರೆಯುವ ನೆಪದಲ್ಲಿ ಭಾವನಂಥವರಿಗೂ ನಾಲ್ಕು ಮಾತು ಬರೆಯುತ್ತೇನೆ.

ಸೇದಲೇಬೇಕಿದ್ದರೆ ಒಳಗೆ ಹೋಗುವ ಮೊದಲೇ ಹೊರಗೆ ಗುರುತು ಹಾಕಿದ ಜಾಗದಲ್ಲಿ ಮುಗಿಸಿಕೊಳ್ಳಿ. ಬಾಗಿಲ ಪಕ್ಕ ನಿಂತು ಹಚ್ಚಬೇಡಿ, ಅದೂ ತಪ್ಪು. ಶೌಚಾಲಯದ ಆಸೆಯಂತೂ ಬೇಡ. ಒಂದು ವಿಮಾನದಿಂದ ಇನ್ನೊಂದಕ್ಕೆ ಹತ್ತುವವರು ಇಡೀ ದಾರಿಗೆ ಸಿಗರೇಟಿಲ್ಲವೆಂದೇ ಮನಸ್ಸು ಗಟ್ಟಿ ಮಾಡಿಕೊಂಡು ಹೊರಡಿ. ವೈದ್ಯರನ್ನು ಕೇಳಿ ನಿಕೋಟಿನ್ ಗಮ್ ಇಟ್ಟುಕೊಳ್ಳಿ. ಇ-ಸಿಗರೇಟನ್ನು ಮಾತ್ರ ಪೆಟ್ಟಿಗೆಯಲ್ಲಿ ತರಲೇಬೇಡಿ. ಥಾಯ್ಲೆಂಡ್ ಅದರ ಆಮದನ್ನು 2014ರಲ್ಲೇ ನಿಷೇಧಿಸಿದೆ, ಜೈಲಿಗೂ ಹೋಗಬೇಕಾದೀತು. ಕಡಲತೀರದಲ್ಲಿ ಸೇದಿಕೊಳ್ಳೋಣವೆಂದರೆ ಅಲ್ಲೂ ಹಲವು ಕಡೆ ನಿಷೇಧವಿದೆ.

ಭಾವ ಈಗಲೂ ಬಿಟ್ಟಿಲ್ಲ. ಆದರೆ ಏಳು ಗಂಟೆ ಇಲ್ಲದೆ ಇರಬಲ್ಲೆ ಎಂಬುದು ಆ ದಿನ ಅವರಿಗೆ ಗೊತ್ತಾಯಿತು. ಮನೆಯೊಳಗೆ ಸೇದುವುದನ್ನು ಆ ಪ್ರವಾಸದ ನಂತರ ನಿಲ್ಲಿಸಿದರು. ಮಗಳು ಅಟ್ಟದ ಕೋಣೆಯಲ್ಲಿ ಕಿಟಕಿ ಮುಚ್ಚಿಕೊಂಡು ಓದಬೇಕಾಗಿಲ್ಲ.

ನಿನ್ನ ನೆಲ ಒರೆಸುತ್ತಿದ್ದ ಆ ತಾಯಿ ಈಗ ಎಲ್ಲಿದ್ದಾರೋ. ನಿನ್ನನ್ನು ತೆಗೆದದ್ದು ಮೊದಲು ಅವರಿಗಾಗಿ ಎಂದುಕೊಂಡಿದ್ದೇನೆ. ಅಂಥವರು ನಮ್ಮಲ್ಲೂ ಇದ್ದಾರೆ. ನಮ್ಮ 2003ರ ತಂಬಾಕು ಕಾಯ್ದೆಯ 4ನೇ ಕಲಮು ಸಾರ್ವಜನಿಕ ಸ್ಥಳದಲ್ಲಿ ಸೇದುವುದನ್ನು ನಿಷೇಧಿಸುತ್ತದೆ. ಅದೇ ಕಲಮು 30 ಕೋಣೆಗಳ ಹೋಟೆಲು, 30 ಆಸನಗಳ ರೆಸ್ಟೊರೆಂಟುಗಳ ಜೊತೆಗೆ ವಿಮಾನ ನಿಲ್ದಾಣಕ್ಕೂ ಪ್ರತ್ಯೇಕ ಹೊಗೆಜಾಗದ ಅವಕಾಶ ಕೊಟ್ಟಿದೆ. ದೆಹಲಿಯಲ್ಲಿ ಕೂತು ಕಾನೂನು ಮಾಡುವವರಿಗೆ ನನ್ನ ವಿನಂತಿ: ಆ ಅವಕಾಶವನ್ನು ತೆಗೆದುಹಾಕಿ.

ಇಂತಿ,
ನಿನ್ನ ಬಾಗಿಲಾಚೆ ಚೀಲ ಕಾಯುತ್ತಿದ್ದವನು