ಮುಯ್ಯಾಳಿನ ಊರಿಂದ

ಓಗಿಮಾಚಿ, ಜಪಾನ್
ನವೆಂಬರ್ 3

ತೀರ್ಥರೂಪು ಅಪ್ಪಯ್ಯನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನು ಕ್ಷೇಮ. ಅಲ್ಲಿ ಅಡಿಕೆ ಕೊಯ್ಲು ಶುರುವಾಗಿರಬೇಕು. ಅಮ್ಮನ ಮಂಡಿನೋವು ಹೇಗಿದೆ?

ಫೋನಿನಲ್ಲಿ ಹೇಳಲು ಹೊರಟರೆ ಅರ್ಧ ಉಳಿದುಹೋಗುತ್ತದೆ, ಅದಕ್ಕೇ ಕಾಗದ. ನಾನು ಈಗ ಕೂತಿರುವುದು ಒಂದು ಹುಲ್ಲಿನ ಮನೆಯ ಒಳಗೆ. ಶಿರಕಾವಾ ಗ್ರಾಮದ ಈ ಮನೆಗಳಿಗೆ 'ಗಾಶ್ಶೋ' ಎನ್ನುತ್ತಾರೆ, ಎಂದರೆ ಕೈಮುಗಿದದ್ದು. ಬೆರಳು ಮೇಲೆ ಮಾಡಿ ಕೈ ಜೋಡಿಸಿದರೆ ಹೇಗಿರುತ್ತದೋ ಸೂರು ಹಾಗೇ ಕಡಿದಾಗಿದೆ. ಇಲ್ಲಿ ಬೀಳುವ ಹಿಮ ಆಳೆತ್ತರ, ಚಪ್ಪಟೆ ಸೂರಾದರೆ ಮುರಿದೇ ಬೀಳುತ್ತದೆ. ಸೂರಿನ ಕಟ್ಟಿಗೆ ಒಂದೂ ಮೊಳೆ ಹೊಡೆದಿಲ್ಲ. ಹಗ್ಗ ಮತ್ತು ಹಸಿ ಕೋಲನ್ನು ಹೊಸೆದು ಬಿಗಿದ ಕಟ್ಟು ಮಾತ್ರ. ಗುಡ್ಡದ ಇಳಿಜಾರಿನಲ್ಲಿ ಹಿಮದ ಭಾರಕ್ಕೆ ಬುಡ ಬಾಗಿ ಬೆಳೆದ ಮರಗಳನ್ನು ಆ ಬಾಗು ಸಮೇತ ತೊಲೆಯಾಗಿ ಕೂರಿಸಿದ್ದಾರೆ. ನೇಗಿಲಿಗೆಂದು ನೀವು ಬಾಗಿದ ಕೊಂಬೆಯನ್ನೇ ಹುಡುಕುತ್ತಾ ಬೆಟ್ಟ ಸುತ್ತುತ್ತಿದ್ದದ್ದು ನೆನಪಾಯಿತು.

ನೆಲದಲ್ಲೇ ತೋಡಿದ ಚೌಕ ಒಲೆಯ ಹೊಗೆ ನೇರ ಅಟ್ಟಕ್ಕೆ ಹೋಗುತ್ತದೆ. ತೊಲೆಗಳೆಲ್ಲ ಇಲ್ಲಣ ಹಿಡಿದು ಎಣ್ಣೆಗಪ್ಪು. ಹುಲ್ಲಿಗೆ ಹುಳ ಹಿಡಿಯದಂತೆ, ಕಟ್ಟು ಸಡಿಲವಾಗದಂತೆ ಕಾಯುವುದು ಆ ಹೊಗೆಯೇ. ಗ್ಯಾಸ್ ಬಂದ ಮೇಲೆ ಒಲೆ ಉರಿಯುವುದು ಕಡಿಮೆಯಾಗಿ, ಹುಲ್ಲಿನ ಬಾಳಿಕೆಯೂ ಕಡಿಮೆಯಾಗಿದೆ. ಹಿಂದೆ ಅಟ್ಟದ ತುಂಬ ರೇಷ್ಮೆಹುಳು ಸಾಕುತ್ತಿದ್ದರು. ಒಲೆಯ ಹತ್ತಿರದ ನೆಲದಡಿ ಗುಂಡಿ ತೋಡಿ, ಮಣ್ಣಿಗೆ ಹುಳದ ಹಿಕ್ಕೆ, ಸೊಪ್ಪು ಸೇರಿಸಿ ವರ್ಷಗಟ್ಟಲೆ ಕೊಳೆಸಿ ಪೆಟ್ಲುಪ್ಪು ತೆಗೆದು ಮಾರುತ್ತಿದ್ದರು. ಒಂದೇ ಸೂರಿನಡಿ ಎರಡು ದುಡಿಮೆ, ಬಿಸಾಡುವುದು ಏನೂ ಇಲ್ಲ.

ಆದರೆ ನಾನು ನಿಮಗೆ ಹೇಳಬೇಕೆಂದದ್ದು ಹೊದಿಕೆಯ ಸಂಗತಿ. ನಮ್ಮ ಸೋಗೆ ಮನೆಯನ್ನು ವರ್ಷ ವರ್ಷ ಮಳೆಗಾಲಕ್ಕೆ ಮೊದಲು ಹೊದೆಸಬೇಕಿತ್ತು. ಇಲ್ಲಿ 30-40 ವರ್ಷಕ್ಕೊಮ್ಮೆ. ಸೂರಿನ ಒಂದು ಮಗ್ಗುಲನ್ನು ನೂರಿನ್ನೂರು ಜನ ಹತ್ತಿ ಒಂದೆರಡು ದಿನದಲ್ಲಿ ಮುಗಿಸುತ್ತಾರೆ. ಕೂಲಿ ಇಲ್ಲ. ಇವತ್ತು ನನ್ನ ಮನೆ, ಮುಂದೆ ನಿನ್ನ ಮನೆ. ಇದಕ್ಕೆ ಇವರ ಮಾತು 'ಯುಯಿ'. ಮನೆಯ ಅಜ್ಜಿ ಎರಡೂ ಕೈ ಬೆರಳುಗಳನ್ನು ಹೆಣೆದು ತೋರಿಸಿ ಅರ್ಥ ಹೇಳಿದರು. ನನಗೆ ಅರ್ಥ ಹೇಳಬೇಕಿರಲಿಲ್ಲ ಅಪ್ಪಯ್ಯ. ಅದು ನಮ್ಮ ಮುಯ್ಯಾಳು.

ಯಾವ ಮನೆಯವರು ಎಷ್ಟು ಹೊರೆ ಹುಲ್ಲು ತಂದರು, ಎಷ್ಟು ಹಗ್ಗ, ಎಷ್ಟು ಆಳು ಎಂದು ಹಿಂದೆ ಲೆಕ್ಕದ ಪುಸ್ತಕದಲ್ಲಿ ಬರೆದಿಡುತ್ತಿದ್ದರಂತೆ. ಮದುವೆ ಮನೆಯಲ್ಲಿ ನಾವು ಮುಯ್ಯಿ ಬರೆದಿಡುವ ಹಾಗೆಯೇ. ತಂದವನು ತೀರಿಹೋದರೂ ಲೆಕ್ಕ ತೀರುವುದಿಲ್ಲ, ಮಗ ಮೊಮ್ಮಗನ ಹೆಗಲಿಗೆ ಬರುತ್ತದೆ. 2001ರಲ್ಲಿ ನಾಗಾಸೆ ಎಂಬ ದೊಡ್ಡ ಮನೆಗೆ ಹೊಸ ಹುಲ್ಲು ಹೊದೆಸಲು ಸುಮಾರು 500 ಜನ ಸೇರಿದ್ದರು. ಈಗ ಎಲ್ಲ ಮನೆಗೂ ಹಾಗೆ ನಡೆಯುವುದಿಲ್ಲ, ಹೆಚ್ಚಿನವನ್ನು ಸರ್ಕಾರದ ನೆರವಿನಿಂದ ಕಸುಬಿನವರೇ ಹೊದೆಸುತ್ತಾರೆ. ಮುಯ್ಯಾಳು ಪೂರ್ತಿ ನಿಂತ ದಿನ ಇವು ಹುಲ್ಲು ಹೊದ್ದ ಹೋಟೆಲುಗಳಾಗುತ್ತವೆ ಎಂದು ನನಗನಿಸುತ್ತದೆ.

ಮನೆಗಳು ಉಳಿದದ್ದು ತಾವಾಗಿ ಅಲ್ಲ. ಒಂದೊಂದಾಗಿ ಮಾರಾಟವಾಗಿ, ಕೆಡವಿಸಿಕೊಂಡು ಕರಗುತ್ತಿದ್ದಾಗ, 1971ರಲ್ಲಿ ಊರವರು ಸಭೆ ಸೇರಿ ಮೂರು ಮಾತಿಗೆ ಬದ್ಧರಾದರು: ಮಾರಬಾರದು, ಬಾಡಿಗೆಗೆ ಕೊಡಬಾರದು, ಕೆಡವಬಾರದು. ಸರ್ಕಾರದ ರಕ್ಷಣೆ ಬಂದದ್ದು 1976ರಲ್ಲಿ, ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 1995ರಲ್ಲಿ. ಮೊದಲು ನಿಂತವರು ಊರವರೇ. ಇಂದಿಗೂ ಸರದಿಯ ಮೇಲೆ ಬೆಂಕಿಯ ಕಾವಲು ಸುತ್ತುತ್ತಾರೆ. ಮೇಲಿನ ಗುಡ್ಡದ ತೊಟ್ಟಿಯ ನೀರಿನಿಂದ ಓಡುವ 59 ನೀರಿನ ಫಿರಂಗಿಗಳಿವೆ, ಶರತ್ಕಾಲದಲ್ಲಿ ಒಮ್ಮೆ ಎಲ್ಲವನ್ನೂ ಚಿಮ್ಮಿಸಿ ನೋಡುತ್ತಾರೆ.

ಹೆಸರು ಬಂದ ಮೇಲೆ ಜನ ಬಂದರು. ಗ್ರಾಮದಲ್ಲಿ ಎರಡು ಸಾವಿರ ಮಂದಿಯೂ ಇಲ್ಲ, ನೋಡಲು ಬರುವವರು ವರ್ಷಕ್ಕೆ ಹತ್ತು ಲಕ್ಷ ಮೀರುತ್ತಾರೆ. ಪಾಳು ಬಿಟ್ಟ ಗದ್ದೆಗಳು ಕಾರು ನಿಲ್ಲಿಸುವ ಜಾಗಗಳಾದವು. ಈಗ ಹೊರಗಿನ ವಾಹನಗಳನ್ನು ಹೊಳೆಯಾಚೆ ನಿಲ್ಲಿಸಿ, ತೂಗುಸೇತುವೆ ದಾಟಿ ನಡೆದು ಬರಬೇಕು. ಹಾಗಾದದ್ದಕ್ಕೆ ನನಗೆ ಸಂತೋಷವಾಯಿತು. ಗದ್ದೆಯಿಲ್ಲದ ಮನೆ ಎಷ್ಟು ಚೆಂದವಿದ್ದರೂ ಬೋಳು.

ಇಲ್ಲಿಗೆ ಬರುವಾಗ ಹೆದ್ದಾರಿ ಬಿಟ್ಟು ಶೋ ಹೊಳೆಯ ಬದಿಯ ಹಳೆಯ ರಸ್ತೆ ಹಿಡಿದೆವು. ದಾರಿಯಲ್ಲಿ ಮಿಬೋರೊ ಅಣೆಕಟ್ಟು ಸಿಕ್ಕಿತು, ವಿದ್ಯುತ್ತಿಗೆಂದು ಕಟ್ಟಿ 1961ರಲ್ಲಿ ಮುಗಿಸಿದ್ದು. ಆ ನೀರಿನ ತಳದಲ್ಲಿ ಇಂಥವೇ ಊರುಗಳಿವೆ. ಒಂದು ಗಾಶ್ಶೋ ಮನೆಯನ್ನು ಬಿಚ್ಚಿ ಒಯ್ದು ಯೊಕೊಹಾಮಾದ ತೋಟವೊಂದರಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಮುಳುಗುವ ಊರಿನ ದೇವಸ್ಥಾನಗಳ ಅಂಗಳದಲ್ಲಿದ್ದ ನಾನೂರು ವರ್ಷ ದಾಟಿದ ಎರಡು ಚೆರ್ರಿ ಮರಗಳನ್ನು ಬೇರು ಸಮೇತ ಕಿತ್ತು ಗುಡ್ಡದ ಮೇಲೆ ನೆಟ್ಟರು. ಬದುಕಲಾರವು ಎಂದವರೇ ಹೆಚ್ಚು. ಅವು ಇಂದಿಗೂ ಹೂ ಬಿಡುತ್ತವೆ.

ಆ ಮರಗಳ ಕೆಳಗೆ ತುಂಬ ಹೊತ್ತು ನಿಂತಿದ್ದೆ. ಮಿಬೋರೊ ಮುಗಿದು ಮೂರು ವರ್ಷ ಕಳೆದು, 1964ರಲ್ಲಿ, ನಮ್ಮ ಊರನ್ನು ಮುಳುಗಿಸಿದ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿಯಿತು. ಹತ್ತು ವರ್ಷದ ಹುಡುಗನಾಗಿ ನೀವು ಗಾಡಿಯ ಮೇಲೆ ಪಾತ್ರೆಗಳ ಜೊತೆ ಕೂತು ಬಂದಿರಿ ಎಂದಷ್ಟೇ ನನಗೆ ಗೊತ್ತು. ಮುಳುಗಡೆಯವರು ಎಂಬ ಹೆಸರು ನಮಗೆ ಉಳಿಯಿತು. ಊರಿನ ಮುಯ್ಯಾಳು ಒಂದೊಂದು ದಿಕ್ಕಿನ ಕಾಡಿಗೆ ಚದುರಿತು. ಹೆಂಚಿನ ಮನೆ ಸಿಕ್ಕಿತು ನಿಜ, ಹೊದೆಸಲು ಯಾರೂ ಬರಬೇಕಿರಲಿಲ್ಲ. ಅಣೆಕಟ್ಟಿನ ಬೆಳಕಿನಲ್ಲಿ ಓದಿದವಳು ನಾನು, ಅದು ಬೇಡವಾಗಿತ್ತು ಎನ್ನುವ ಧೈರ್ಯ ನನಗಿಲ್ಲ. ಆದರೆ ಮರವನ್ನು ಸಾಗಿಸುವ ಹಾಗೆ ಒಂದು ಊರನ್ನೂ ಬೇರು ಸಮೇತ ಒಂದೇ ಕಡೆ ನೆಡಬಹುದಿತ್ತಲ್ಲ ಎಂದು ಸಂಕಟವಾಯಿತು.

ಡಿಸೆಂಬರ್ 20ಕ್ಕೆ ಮನೆಗೆ ಬರುತ್ತೇನೆ. ಅಷ್ಟರಲ್ಲಿ ಒಂದು ಪುಸ್ತಕ ತಂದಿಡಿ. ಸೋಗೆ ಹೊದೆಸುವ ದಿನ ಯಾರ ಯಾರ ಮನೆಯಿಂದ ಬರುತ್ತಿದ್ದರು, ಸೂರಿನ ಮೇಲೆ ಯಾರು, ಕೆಳಗಿನಿಂದ ಸೋಗೆ ಎಸೆಯುವವರು ಯಾರು, ನೀವು ಹೇಳಿ, ನಾನು ಬರೆದುಕೊಳ್ಳುತ್ತೇನೆ. ಹೊರಡುವ ಹೊತ್ತಿಗೆ ಎರಡು ಮನೆಗಳ ಮುಯ್ಯಿ ಬಾಕಿ ಇತ್ತು ಎಂದು ಅಜ್ಜ ಕೊನೆಯವರೆಗೂ ಕೊರಗುತ್ತಿದ್ದರಂತೆ, ಅಮ್ಮ ಒಮ್ಮೆ ಹೇಳಿದ್ದಳು. ಆ ಎರಡು ಮನೆಯವರು ಈಗ ಎಲ್ಲಿದ್ದಾರೆ, ವಿಚಾರಿಸಿ.

ಇತಿ ನಿಮ್ಮ ಪ್ರೀತಿಯ ಮಗಳು