ಏಳು ಲೀಟರಿನೊಳಗೆ

ಕಂಪ್ಯೂಟರಿನ ಬಿಡಿಭಾಗಗಳಲ್ಲಿ ಅಂಕ ಹಾಕಲು ಬಾರದ್ದು ಕ್ಯಾಬಿನೆಟ್ ಒಂದೇ. ಪ್ರೊಸೆಸರಿಗೆ ಗಿಗಾಹರ್ಟ್ಸ್ ಇದೆ, ಮೆಮೊರಿಗೆ ಗಿಗಾಬೈಟ್ ಇದೆ, ಗ್ರಾಫಿಕ್ಸ್ ಕಾರ್ಡು ಸೆಕೆಂಡಿಗೆ ಎಷ್ಟು ಫ್ರೇಮ್ ಬಿಡಿಸುತ್ತದೆ ಎಂದು ಅಳೆದು ಹೇಳುವವರಿದ್ದಾರೆ. ಯಾವುದು ಮೇಲು ಎಂದು ಕೇಳಿದರೆ ಪಟ್ಟಿ ನೋಡಿ ಹೇಳಿಬಿಡಬಹುದು, ವಾದ ಅಲ್ಲಿಗೆ ಮುಗಿಯಿತು. ಕ್ಯಾಬಿನೆಟ್ಟಿನ ಮಾತು ಬಂದಾಗ ಮಾತ್ರ ಬೆರಳು, ಕಣ್ಣು, ಕಿವಿ ಇಷ್ಟೇ ಗತಿ. ನನ್ನಂಥವನಿಗೆ ಇದಕ್ಕಿಂತ ಸುಖ ಬೇಕೆ? ಪಿಸಿ ಜೋಡಿಸುವುದು ಒಂದು ಸಂಜೆಯ ಕೆಲಸ. ಕ್ಯಾಬಿನೆಟ್ ಆರಿಸುವುದನ್ನು ತಿಂಗಳುಗಟ್ಟಲೆ ಎಳೆಯಬಹುದು. ಅದರಲ್ಲೂ ಅದು ಅಲ್ಯೂಮಿನಿಯಮ್ಮಿನದಾಗಿ, ಪುಟ್ಟದಾಗಿ ಇದ್ದರೆ ಕೇಳುವುದೇ ಬೇಡ.

ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಈಗ ಸಾಲಾಗಿ ನಿಂತಿರುವುದು ಗಾಜಿನ ಗೋಪುರಗಳು. ಮುಂದೆ ಗಾಜು, ಪಕ್ಕಕ್ಕೆ ಗಾಜು, ಒಳಗೆ ಆರೇಳು ಫ್ಯಾನು, ಒಂದೊಂದು ಫ್ಯಾನಿಗೂ ಬಣ್ಣಬಣ್ಣದ ದೀಪ. ಸಂಜೆ ಹೊತ್ತು ಆ ಗಲ್ಲಿಗಳಿಗೆ ಬೀದಿದೀಪವೇ ಬೇಡ. ಚಿಕ್ಕದು ಬೇಕು, ಅಲ್ಯೂಮಿನಿಯಂ ಬೇಕು, ದೀಪ ಬೇಡ ಎಂದರೆ ಅಂಗಡಿಯ ಹುಡುಗ ಕನಿಕರದಿಂದ ನೋಡುತ್ತಾನೆ. "ಆಫೀಸಿಗಾ ಸರ್?" ಎಂದು ಕೇಳಿ, ಅಟ್ಟದ ಮೇಲಿನ ಧೂಳು ಹಿಡಿದ ತಗಡಿನ ಡಬ್ಬಿಯೊಂದನ್ನು ಇಳಿಸಲು ಏಣಿ ಹುಡುಕುತ್ತಾನೆ. ಪಾಪ, ಅವನದೇನು ತಪ್ಪು? ನಾನು ಕೇಳುವ ಮಾಲು ಅವನಲ್ಲಿ ಇರುವುದಿಲ್ಲ ಎಂದು ನನಗೂ ಗೊತ್ತು. ಆದರೂ ಹೋಗಿ ಕೇಳಿ ಬರುವುದರಲ್ಲಿ ಒಂದು ರುಚಿ ಇದೆ.

ಈ ಹವ್ಯಾಸದವರು ಕ್ಯಾಬಿನೆಟ್ಟಿನ ಗಾತ್ರವನ್ನು ಲೀಟರಿನಲ್ಲಿ ಹೇಳುತ್ತಾರೆ. ಉದ್ದ, ಅಗಲ, ಎತ್ತರ ಗುಣಿಸಿದರೆ ಆಯಿತು. ಗಾಜಿನ ಗೋಪುರಗಳು 40–50 ಲೀಟರಿನವು. ಮನೆಬಾಗಿಲಿಗೆ ಬರುವ ಕುಡಿಯುವ ನೀರಿನ ಕ್ಯಾನು 20 ಲೀಟರ್. ಅದನ್ನು ಮೀರಿದ್ದನ್ನು ಈ ಮಂದಿ ಚಿಕ್ಕದು ಎಂದು ಒಪ್ಪುವುದಿಲ್ಲ. ಹುಚ್ಚು ಬಲಿತವರು ಹತ್ತರ ಕೆಳಗೇ ಸುಳಿದಾಡುತ್ತಾರೆ. ಈ ಲೆಕ್ಕದಲ್ಲೂ ಕಳ್ಳಾಟ ಉಂಟು. ಕೆಳಗಿನ ಪಾದ ಸೇರಿಸಿದರೋ ಬಿಟ್ಟರೋ, ಹಿಂದಕ್ಕೆ ಚಾಚಿದ ಸ್ಕ್ರೂ ತಲೆ ಲೆಕ್ಕಕ್ಕೆ ಬಂತೋ ಇಲ್ಲವೋ ಎಂದು ಅರ್ಧ ಲೀಟರಿಗಾಗಿ ಊಟ ಬಿಟ್ಟು ವಾದಿಸುವವರಿದ್ದಾರೆ. ಆ ವಾದಗಳಲ್ಲಿ ನನ್ನ ದನಿಯೂ ಸಣ್ಣದೇನಲ್ಲ.

ಈ ಪುಟ್ಟತನಕ್ಕೆ ದಾರಿ ಮಾಡಿದ್ದು ತೈವಾನಿನ ವಿಯಾ ಕಂಪನಿ 2001ರಲ್ಲಿ ತಂದ ಮಿನಿ-ಐಟಿಎಕ್ಸ್ ಎಂಬ ಮದರ್‌ಬೋರ್ಡಿನ ಅಳತೆ: ಅಗಲ 170 ಮಿ.ಮೀ., ಉದ್ದವೂ 170 ಮಿ.ಮೀ. ಇಂಟೆಲ್ 1995ರಲ್ಲಿ ಹಾಕಿಕೊಟ್ಟ ಎಟಿಎಕ್ಸ್ ಮದರ್‌ಬೋರ್ಡು 305ಕ್ಕೆ 244 ಮಿ.ಮೀ. ಇರುತ್ತದೆ. ವಿಯಾ ಕಂಪನಿಯವರ ಮನಸ್ಸಿನಲ್ಲಿ ಇದ್ದದ್ದು ಕಡಿಮೆ ಕರೆಂಟು ಕುಡಿಯುವ ಬಡಪಾಯಿ ಯಂತ್ರಗಳು. ಜನ ಅದನ್ನೇ ಹಿಡಿದು ದೊಡ್ಡ ಪಿಸಿಯ ಕೆಲಸವನ್ನೆಲ್ಲ ಅದರ ಮೇಲೆ ಹೇರಿದರು. ಅದೇ ಸುಮಾರಿಗೆ ಶಟಲ್ ಕಂಪನಿ ಅಲ್ಯೂಮಿನಿಯಮ್ಮಿನ ಪುಟ್ಟ ಪೆಟ್ಟಿಗೆಗಳನ್ನು ಬೋರ್ಡು, ಪವರ್ ಸಪ್ಲೈ ಸಮೇತ ಮಾರಲು ಶುರು ಮಾಡಿತ್ತು, ಆದರೆ ಬೋರ್ಡಿನ ಅಳತೆ ಅವರದೇ, ಬೇರೆಯವರದ್ದು ಕೂರುತ್ತಿರಲಿಲ್ಲ. ನಮ್ಮ ಪಂಥಕ್ಕೆ ಮೂಲವಿಗ್ರಹವಾದದ್ದು 2013ರಲ್ಲಿ ಜನರಿಂದಲೇ ಮುಂಗಡ ದುಡ್ಡು ಎತ್ತಿ ಮಾಡಿಸಿದ ಎನ್‌ಕೇಸ್ ಎಂ1. ಇಬ್ಬರು ಹವ್ಯಾಸಿಗಳು ರೂಪಿಸಿದ್ದು, ಹನ್ನೆರಡೂವರೆ ಲೀಟರಿನ ಆಸುಪಾಸು. ತಯಾರಿಸಿಕೊಟ್ಟದ್ದು ಅಲ್ಯೂಮಿನಿಯಂ ಕ್ಯಾಬಿನೆಟ್ಟುಗಳಿಗೇ ಹೆಸರಾದ ತೈವಾನಿನ ಲಿಯಾನ್ ಲಿ. ಅದನ್ನೂ ಮೀರಿಸಿ, ಜರ್ಮನಿಯ ಡೇನಿಯಲ್ ಹ್ಯಾನ್ಸೆನ್ ಎಂಬಾತ ಎ4-ಎಸ್‌ಎಫ್‌ಎಕ್ಸ್ ಎಂಬುದನ್ನು ತಂದ. ಅಗಲ 112, ಎತ್ತರ 200, ಉದ್ದ 317 ಮಿ.ಮೀ., ಅಂದರೆ ಏಳು ಲೀಟರಿಗೆ ಒಂದಿಷ್ಟು ಮೇಲೆ. ನನ್ನ ಮೇಜಿನ ಮೇಲಿರುವುದು ಅದೇ, ಕಪ್ಪು ಬಣ್ಣದ್ದು.

ಹ್ಯಾನ್ಸೆನ್ ಮಾಡಿದ ಉಪಾಯ ಕೇಳಿದರೆ ಇಷ್ಟೇನಾ ಅನಿಸುತ್ತದೆ. ಮಾಮೂಲಿ ಪಿಸಿಯಲ್ಲಿ ಗ್ರಾಫಿಕ್ಸ್ ಕಾರ್ಡು ಮದರ್‌ಬೋರ್ಡಿಗೆ ಲಂಬವಾಗಿ ಚಾಚಿ ನಿಲ್ಲುತ್ತದೆ, ಜಾಗ ಪೋಲಾಗುವುದೇ ಅಲ್ಲಿ. ಇಲ್ಲಿ ನಡುವೆ ಒಂದು ಗೋಡೆ. ಒಂದು ಮಗ್ಗುಲಿಗೆ ಬೋರ್ಡು, ಇನ್ನೊಂದು ಮಗ್ಗುಲಿಗೆ ಕಾರ್ಡು, ಎರಡೂ ಮುನಿಸಿಕೊಂಡವರ ಹಾಗೆ ಬೆನ್ನಿಗೆ ಬೆನ್ನು ಹಾಕಿ ಕೂತಿರುತ್ತವೆ. ಗೋಡೆಯ ಕೆಳಗಿನಿಂದ ನುಸುಳಿ ಬರುವ ರೈಸರ್ ಎಂಬ ಚಪ್ಪಟೆ ಕೇಬಲ್ಲು ಇಬ್ಬರ ನಡುವೆ ಮಾತು ದಾಟಿಸುತ್ತದೆ. ಪವರ್ ಸಪ್ಲೈ ಬೋರ್ಡಿನ ಮುಂದುಗಡೆ. ಇಷ್ಟಾದ ಮೇಲೆ ಉಳಿದದ್ದು ಲೆಕ್ಕ: ಕೂಲರಿಗೆ 48 ಮಿ.ಮೀ. ಎತ್ತರ, ಕಾರ್ಡಿಗೆ 295 ಮಿ.ಮೀ. ಉದ್ದ, ಎರಡು ಸ್ಲಾಟಿನ ದಪ್ಪ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು, ಒಂದು ಮಿಲಿಮೀಟರ್ ಹೆಚ್ಚಾದರೂ ಪಕ್ಕದ ಫಲಕ ಕೂರುವುದಿಲ್ಲ. ರೈಸರಿಗೂ ತನ್ನದೇ ರಗಳೆ ಇದೆ. ಪಿಸಿಐಇ ಮೂರನೇ ಪೀಳಿಗೆಯ ಹಳೆಯ ರೈಸರಿಗೆ ನಾಲ್ಕನೆಯದರ ಕಾರ್ಡು ಸಿಕ್ಕಿಸಿದರೆ ಪರದೆ ಕಪ್ಪಾಗಿ ಕೂರುವುದುಂಟು. ಬಯೋಸಿಗೆ ಹೋಗಿ ಕೈಯಾರೆ ಮೂರಕ್ಕೆ ಇಳಿಸಬೇಕು. ಅದಕ್ಕೇ ಹಳೆಯ ಕ್ಯಾಬಿನೆಟ್ ಕೊಳ್ಳುವಾಗ ನಾನು ಲೋಹಕ್ಕಿಂತ ಮೊದಲು ರೈಸರಿನ ಮೇಲಿನ ಅಚ್ಚು ಓದುತ್ತೇನೆ.

ಆಮೇಲೆ ಲೋಹ. ನೋಡಲು ನಾನು ಮೊದಲು ಹಿಡಿಯುವುದು ಮೂಲೆಯನ್ನು. ಹಾಳೆ ಬಾಗಿದ ಜಾಗದ ಹೊರಮೈ ಮೇಲೆ ಉಗುರು ಆಡಿಸಿದರೆ ನುಣುಪಾಗಿ ಜಾರಬೇಕು. ಕಿತ್ತಳೆ ಸಿಪ್ಪೆಯಂಥ ತರಿತರಿ ಸಿಕ್ಕಿತೋ, ಮಿಶ್ರಲೋಹ ತಪ್ಪಾಗಿದೆ ಅಥವಾ ಬಾಗಿಸಿದ ಕೈ ಅವಸರ ಮಾಡಿದೆ ಎಂದು ಲೆಕ್ಕ. 5052 ಎಂಬ ಮಿಶ್ರಲೋಹ ಹೇಳಿದ ಹಾಗೆ ಬಗ್ಗುತ್ತದೆ. 6061ಅನ್ನು ಹದ ಮಾಡಿ ಗಟ್ಟಿಗೊಳಿಸಿದ್ದರೆ ಬಿಗಿಯಾದ ತಿರುವಿನಲ್ಲಿ ಬಿರುಕು ಬಿಡುತ್ತದೆ. ಗಟ್ಟಿಯಾದದ್ದೇ ಒಳ್ಳೆಯದು ಎನ್ನುವವರಿಗೆ ಇದು ತಿಳಿದಿರುವುದಿಲ್ಲ.

ಬಣ್ಣ ನೋಡುವುದು ಹೇಗೆಂದು ನನಗೆ ಗೊತ್ತಾದದ್ದು ಪೀಣ್ಯದ ಒಂದು ಆನೊಡೈಸಿಂಗ್ ಘಟಕದಲ್ಲಿ. ಪರಿಚಯದವರೊಬ್ಬರ ಜೊತೆ ಹೋಗಿ, ತೊಟ್ಟಿಗಳ ಪಕ್ಕದಲ್ಲಿ ಮೂಗು ಮುಚ್ಚಿಕೊಂಡು ನಿಂತಿದ್ದೆ. ಮೊದಲು ಕಾಸ್ಟಿಕ್ ಸೋಡಾ ತೊಟ್ಟಿ. ಹಾಳೆ ಅದರಲ್ಲಿ ಬುಸುಗುಟ್ಟಿ ಮೈತುಂಬ ಮಸಿ ಹತ್ತಿಸಿಕೊಂಡು ಮೇಲೇಳುತ್ತದೆ. ಆ ಮಸಿಯನ್ನು ನೈಟ್ರಿಕ್ ಆಮ್ಲ ತೊಳೆಯುತ್ತದೆ. ಆಮೇಲೆ ತಣ್ಣಗಿಟ್ಟ ಗಂಧಕಾಮ್ಲದಲ್ಲಿ ಮುಳುಗಿಸಿ ಕರೆಂಟು ಬಿಟ್ಟರೆ ಲೋಹದ ಮೈಮೇಲೆ ಅದರದೇ ಆಕ್ಸೈಡು ಬೆಳೆಯುತ್ತದೆ. ಬೆಳಗಾವಿಯ ಕಾರ್ಖಾನೆಯಲ್ಲಿ ಬಾಕ್ಸೈಟಿನಿಂದ ತೆಗೆಯುವ ಅಲ್ಯೂಮಿನಾ ಎಂದರೆ ಇದೇ ವಸ್ತು. ಇಲ್ಲಿ ಅದು ಮೈಕ್ರಾನುಗಳ ಲೆಕ್ಕದಲ್ಲಿ ತೊಗಲಾಗಿ ಕೂರುತ್ತದೆ, ಒಳಗೆಲ್ಲ ಕಣ್ಣಿಗೆ ಕಾಣದ ರಂಧ್ರಗಳು. ರಂಧ್ರಗಳು ಬಣ್ಣ ಕುಡಿಯುತ್ತವೆ, ಕೊನೆಗೆ ಬಿಸಿನೀರಿನಲ್ಲಿ ಅದ್ದಿದರೆ ಮುಚ್ಚಿಕೊಳ್ಳುತ್ತವೆ. ಬಣ್ಣಕ್ಕೆ ಇಳಿಯಬೇಕಿದ್ದ ಹಾಳೆಯೊಂದರ ಕಡೆ ನಾನು ಕೈ ಚಾಚಿದ್ದೇ ತಡ, "ಮುಟ್ಬ್ಯಾಡ್ರೀ!" ಎಂದು ಒಂದು ಕೂಗು ಬಂತು. ಆ ಹಂತದಲ್ಲಿ ಬೆರಳಿನ ಜಿಡ್ಡು ತಾಗಿದರೆ ಅಲ್ಲಿ ಬಣ್ಣ ಹಿಡಿಯುವುದಿಲ್ಲ. ಬೆರಳಚ್ಚು ಹಾಗೇ ಉಳಿದುಬಿಡುತ್ತದಂತೆ.

ಅಲ್ಲಿ ಕಂಡ ಇನ್ನೊಂದು ಸಂಗತಿ ಈಗ ನನ್ನ ಚಟವೇ ಆಗಿದೆ. ಕರೆಂಟು ಹರಿಯಬೇಕಾದರೆ ಹಾಳೆಯನ್ನು ಎಲ್ಲಾದರೂ ಒಂದು ಕಡೆ ಕ್ಲಿಪ್ಪು ಕಚ್ಚಿ ಹಿಡಿದಿರಬೇಕು. ಕಚ್ಚಿದ ಜಾಗಕ್ಕೆ ಆಕ್ಸೈಡೂ ಇಲ್ಲ, ಬಣ್ಣವೂ ಇಲ್ಲ. ಎಳ್ಳಿನಷ್ಟು ಬೆಳ್ಳನೆ ಚುಕ್ಕಿ ಉಳಿಯುತ್ತದೆ. ಪ್ರತಿ ಫಲಕಕ್ಕೂ ಆ ಚುಕ್ಕಿ ಇದ್ದೇ ಇರಬೇಕು, ತಪ್ಪಿಸಿಕೊಳ್ಳುವಂತಿಲ್ಲ. ಅದನ್ನು ಎಲ್ಲಿ ಅಡಗಿಸಿದ್ದಾರೆ ಎಂಬುದರ ಮೇಲೆ ತಯಾರಕನ ಶ್ರದ್ಧೆ ಅಳೆಯಬಹುದು. ಒಳಮಡಿಕೆಯ ತುದಿಯಲ್ಲಿದ್ದರೆ ಭೇಷ್. ತೆರೆದೊಡನೆ ಎದುರಿಗೇ ಕಂಡರೆ ಮೂಗು ಮುರಿಯುತ್ತೇನೆ. ಹಾಗೆಯೇ ಮುಂದಿನ ಫಲಕ, ಪಕ್ಕದ ಫಲಕಗಳನ್ನು ಬಿಸಿಲಿಗೆ ಹಿಡಿದು ನೋಡಬೇಕು. ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಕಪ್ಪೂ ಒಂದೇ. ಬಿಸಿಲಿನಲ್ಲಿ ಒಂದು ನೇರಳೆಗೆ, ಇನ್ನೊಂದು ಕಂದಿಗೆ ತಿರುಗಿದರೆ ಎರಡನ್ನೂ ಬೇರೆ ಬೇರೆ ದಿನ ಅದ್ದಿದ್ದಾರೆ.

ಈ ತೊಗಲು ಕರೆಂಟು ಹಾಯಲು ಬಿಡುವುದಿಲ್ಲ. ಮಲ್ಟಿಮೀಟರಿನ ಎರಡು ಮುಳ್ಳನ್ನು ಫಲಕದ ಮೇಲೆ ಇಟ್ಟರೆ ಅದು ಲೋಹವೇ ಅಲ್ಲ ಎನ್ನುವ ಹಾಗೆ ಸುಮ್ಮನಿರುತ್ತದೆ. ಒಂದು ಮುಳ್ಳನ್ನು ಒಂದು ಸ್ಕ್ರೂಗೆ, ಇನ್ನೊಂದನ್ನು ಮತ್ತೊಂದು ಸ್ಕ್ರೂಗೆ ತಾಗಿಸಿದರೆ ಬೀಪ್ ಎನ್ನಬೇಕು. ನಮ್ಮ ಹಳೆಯ ಮನೆಗಳಲ್ಲಿ ಅರ್ಥಿಂಗ್ ಎಂಬುದು ಪ್ಲಗ್ಗಿನ ಮೂರನೇ ತೂತಿಗಷ್ಟೇ ಸೀಮಿತ. ಅಂಥ ಕಡೆ ಪವರ್ ಸಪ್ಲೈಯ ಫಿಲ್ಟರಿನಿಂದ ಸೋರುವ ಚೂರು ಕರೆಂಟು ಕ್ಯಾಬಿನೆಟ್ಟಿನ ಮೈಗೆ ಬರುತ್ತದೆ. ಫಲಕ ಮುಟ್ಟಿದರೆ ಏನೂ ಇಲ್ಲ, ಸ್ಕ್ರೂ ತಲೆಗೆ ಮೊಣಕೈ ತಾಗಿದರೆ ಜುಂ ಎನ್ನುತ್ತದೆ. ಮೊದಲು ಗೋಡೆಯ ವೈರಿಂಗ್ ಸರಿ ಮಾಡಿಸಿ.

ಸ್ಕ್ರೂಗಳ ವಿಷಯ ಕೆಲವರಿಗೆ ಕ್ಷುಲ್ಲಕ. ನನಗೆ ಅಲ್ಲ. ಪಿಸಿಗಳಲ್ಲಿ ಎರಡು ಜಾತಿಯ ಸ್ಕ್ರೂ ಹೆಚ್ಚು: ಇಂಚಿಗೆ 32 ಸುತ್ತಿನ 6-32, ಮತ್ತು ಅರ್ಧ ಮಿಲಿಮೀಟರಿಗೆ ಒಂದು ಸುತ್ತಿನ ಎಂ3. ಒಂದೂವರೆ ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಹಾಳೆಯಲ್ಲಿ ನೇರವಾಗಿ ಥ್ರೆಡ್ ಹಾಕಿದರೆ ಎಂ3ಗೆ ಸಿಗುವುದು ಮೂರೇ ಸುತ್ತು; 6-32ಕ್ಕೆ ಎರಡೂ ಪೂರ್ತಿ ಇಲ್ಲ. ಮೆತ್ತನೆಯ ಲೋಹ, ನಾಲ್ಕು ಸಲ ಬಿಚ್ಚಿ ಹಾಕಿದರೆ ಥ್ರೆಡ್ ಸವೆದು ಸ್ಕ್ರೂ ಗರಗರ ತಿರುಗುತ್ತದೆ. ತಿಳಿದ ತಯಾರಕ ಅಲ್ಲಿ ಉಕ್ಕಿನ ಪುಟ್ಟ ನಟ್ಟನ್ನು ಹಾಳೆಗೇ ಒತ್ತಿ ಕೂರಿಸಿರುತ್ತಾನೆ. ಹಿಂಬದಿಯಿಂದ ಟಾರ್ಚ್ ಬಿಟ್ಟು ಆ ನಟ್ಟುಗಳನ್ನು ಹುಡುಕುವುದು ನನ್ನ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವ ಕೆಲಸ. ಸ್ಕ್ರೂ ಇಲ್ಲದೆ ಗುಂಡುತಲೆಯ ಗೂಟದಲ್ಲಿ ಕಚ್ಚಿಕೊಳ್ಳುವ ಫಲಕಗಳೂ ಇವೆ. ಅವು ಬಿಡುವಾಗ 'ಟಕ್' ಎಂದು ನಾಲ್ಕೂ ಮೂಲೆ ಒಟ್ಟಿಗೆ ಬಿಡಬೇಕು, ಒಂದು ಮೂಲೆ ಹಟ ಹಿಡಿದರೆ ಹಾಳೆ ಸೊಟ್ಟಗಾಗುತ್ತದೆ.

ಅಲ್ಯೂಮಿನಿಯಂ ಕ್ಯಾಬಿನೆಟ್ ತಣ್ಣಗಿಡುತ್ತದೆ ಎನ್ನುವ ಮಾತು ಬಹಳ ಜನ ಹೇಳುತ್ತಾರೆ. ಬಹುಪಾಲು ಸುಳ್ಳು. ಉಕ್ಕಿಗಿಂತ ನಾಲ್ಕು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ ಎಂಬುದೇನೋ ನಿಜ, ಆದರೆ ಪ್ರೊಸೆಸರಿನ ಶಾಖ ಫಲಕಕ್ಕೆ ಮುಟ್ಟಿದರೆ ತಾನೇ? ನಡುವೆ ಗಾಳಿ ಇದೆ, ಗಾಳಿಯನ್ನು ಫ್ಯಾನು ಹೊರಗೆ ನೂಕುತ್ತದೆ. ಡಚ್ಚರ ಸ್ಟ್ರೀಕಾಮ್ ಕಂಪನಿ ಫ್ಯಾನೇ ಇಲ್ಲದೆ ಮಾಡಿದ ಕ್ಯಾಬಿನೆಟ್ಟುಗಳಲ್ಲಿ ಹೀಟ್ ಪೈಪುಗಳು ಪ್ರೊಸೆಸರನ್ನು ಗೋಡೆಗೇ ಬೆಸೆದಿರುತ್ತವೆ. ಅಲ್ಲಿ ಲೋಹಕ್ಕೆ ನಿಜವಾದ ಕೆಲಸ. ಉಳಿದ ಕಡೆ ತಂಪನ್ನು ಕೊಡುವುದು ತೂತುಗಳು. ಎ4ರಲ್ಲಿ ಕಾರ್ಡಿನ ಫ್ಯಾನುಗಳು ಪಕ್ಕದ ಜಾಲರಿಗೆ ಅಂಟಿಕೊಂಡೇ ಇರುವುದರಿಂದ ನೇರ ಹೊರಗಿನ ಗಾಳಿ ಎಳೆಯುತ್ತವೆ. ಗಾಜಿನ ಗೋಪುರದೊಳಗೆ ಬೆಂದ ಗಾಳಿ ಕುಡಿಯುವ ಕಾರ್ಡಿಗಿಂತ ಎಷ್ಟೋ ವಾಸಿ. ಪ್ರೊಸೆಸರಿನ ಕಡೆ ಕಷ್ಟ. ನಾನು ಹಾಕಿರುವ ನಾಕ್ಟುವಾ ಕೂಲರ್ 37 ಮಿ.ಮೀ. ಎತ್ತರದ್ದು. 48ರಲ್ಲಿ ಅದನ್ನು ಕಳೆದರೆ ಫ್ಯಾನಿಗೂ ಜಾಲರಿಗೂ ನಡುವೆ 11 ಮಿ.ಮೀ. ಸಂದು, ಆ ಸಂದಿನಿಂದ ಬಿಸಿ ಗಾಳಿಯೇ ಮತ್ತೆ ಒಳಕ್ಕೆ ಬರುತ್ತದೆ. ಪ್ಯಾಕಿಂಗಿನ ಫೋಮ್ ಕತ್ತರಿಸಿ ಫ್ಯಾನಿನ ಸುತ್ತ ಚೌಕಟ್ಟು ಕೂರಿಸಿದೆ. ಶಾಖವೂ ಇಳಿಯಿತು, ಸೀಟಿಯಂಥ ಸದ್ದೂ ನಿಂತಿತು. ಬೆಂಗಳೂರಿನ ಹವೆಗೆ ಇದು ಸಾಕು. ಕಲಬುರಗಿಯ ಮೇ ತಿಂಗಳಲ್ಲಿ ಇದೇ ಡಬ್ಬಿಗೆ ಹೆಚ್ಚು ಕರೆಂಟಿನ ಪ್ರೊಸೆಸರ್ ತುಂಬುವವರ ಧೈರ್ಯ ನನಗಿಲ್ಲ.

ದುಡ್ಡಿನ ಮಾತು ಬಂದರೆ ಮನೆಯವರ ಎದುರು ತುಸು ತಗ್ಗಿ ಮಾತಾಡಬೇಕಾಗುತ್ತದೆ. ದೀಪಗಳಿರುವ ಗಾಜಿನ ಗೋಪುರ ಇದರ ಅರ್ಧಕ್ಕಿಂತ ಕಡಿಮೆಗೆ ಬರುತ್ತದೆ. ಕಾಸಿಗೆ ತಕ್ಕ ಕಜ್ಜಾಯ ಎನ್ನುವ ಸಮಜಾಯಿಷಿ ಅಡುಗೆಮನೆಯಲ್ಲಿ ನಡೆಯುವುದಿಲ್ಲ. ಆದರೆ ಒಂದು ವಾದ ಮಾತ್ರ ಗಟ್ಟಿ: 2001ರ ಆ 170 ಮಿ.ಮೀ. ಚೌಕ ಇವತ್ತಿಗೂ ಬದಲಾಗಿಲ್ಲ. ನನ್ನ ಪೆಟ್ಟಿಗೆಯೊಳಗೆ ಬೋರ್ಡು ಬದಲಾಗಿದೆ, ಕಾರ್ಡು ಬದಲಾಗಿದೆ, ಮೆಮೊರಿಯ ಪೀಳಿಗೆಯೇ ಬದಲಾಗಿದೆ. ತೆಗೆದದ್ದೆಲ್ಲ ಕವಡೆ ಕಿಮ್ಮತ್ತಿಗೆ ಹೋಯಿತು. ಪೆಟ್ಟಿಗೆ ಅಲ್ಲೇ ಕೂತಿದೆ.

ಗೆಳೆಯನೊಬ್ಬ ಇದನ್ನು ನೋಡಿ ಮರುಳಾಗಿ, ತನಗೂ ಇಂಥದೇ ಬೇಕು, ಅದರಲ್ಲಿ ಆರ್‌ಟಿಎಕ್ಸ್ 5090 ಹಾಕಬೇಕು ಎಂದು ಹಟ ಹಿಡಿದಿದ್ದಾನೆ. ಎನ್‌ವಿಡಿಯಾ ತಾನೇ ಮಾಡಿದ 5090 ಎರಡೇ ಸ್ಲಾಟಿನ ದಪ್ಪ. ಅಲ್ಲಿಯವರೆಗೆ ಅವನ ಮಾತು ಸರಿ. ಉದ್ದ 304 ಮಿ.ಮೀ., ಕುಡಿಯುವುದು 575 ವ್ಯಾಟ್. ಅದರ ಫ್ಯಾನುಗಳು ಗಾಳಿಯನ್ನು ಕಾರ್ಡಿನ ಆಚೆ ಬದಿಗೆ ತೂರುತ್ತವೆ, ಇಲ್ಲಿ ಆಚೆ ಬದಿಗೆ ಇರುವುದು ನಡುಗೋಡೆ. ಇದನ್ನೆಲ್ಲ ಬಿಡಿಸಿ ಹೇಳಿದರೆ ಅವನಿಗೆ ಕೇಳಿಸಿದ್ದು ಒಂಬತ್ತು ಮಿಲಿಮೀಟರ್ ಕಡಿಮೆ ಬೀಳುತ್ತದೆ ಎಂಬುದಷ್ಟೇ. "ಮುಂದಿನ ಫಲಕ ಸ್ವಲ್ಪ ಕೊರೆದರೆ?" ಎಂದ. ನನ್ನ ಪೆಟ್ಟಿಗೆಯನ್ನು ಅವನ ಕೈಯಿಂದ ಇಸಿದುಕೊಂಡೆ. ಈಗ ಸ್ವಂತದ್ದೇ ಒಂದು ಮಾಡಿಸುತ್ತೇನೆ ಎಂದು ಪೀಣ್ಯದಲ್ಲಿ ಹಾಳೆ ಬಾಗಿಸುವವರ ನಂಬರು ಕೇಳಿದ್ದಾನೆ. ಕೊಟ್ಟಿದ್ದೇನೆ. ಚೀಟಿಯಲ್ಲಿ 5052 ಎಂದೂ ಬರೆದಿದ್ದೇನೆ, ಕ್ಲಿಪ್ಪು ಒಳಮಡಿಕೆಗೇ ಹಾಕಿಸು ಎಂದೂ.