ಅಜ್ಜನ ಕೋವಿಗೆ ಬಿದ್ದ ಸೀಳು



ನಿಮ್ಮಲ್ಲಿ ಬಹಳ ಮಂದಿ ಹುಟ್ಟಿ ಬೆಳೆದದ್ದು ಈ ಪುಣೆಯಲ್ಲೇ. ಊರೆಂದರೆ ನಿಮಗೆ ಮೇ ತಿಂಗಳ ರಜೆ, ಅಜ್ಜಿಯ ಕೈಯಡುಗೆ, ಹಳೇ ಮನೆಯ ಕತ್ತಲೆ ಕೋಣೆಯಲ್ಲಿ ಧೂಳು ಹಿಡಿದ ಒಂದಿಷ್ಟು ಸಾಮಾನು. ಆ ಸಾಮಾನಿನಲ್ಲಿ ಒಂದು ಒಡೆದರೆ ಏನು ಮಾಡಬೇಕು? ಎಸೆಯಬೇಕೇ, ಹೊಸದಾಗಿಸಬೇಕೇ, ಇದ್ದಂತೆಯೇ ಉಳಿಸಬೇಕೇ? ನಮ್ಮ ಮನೆಯಲ್ಲಿ ಈ ಪ್ರಶ್ನೆ ಎದ್ದದ್ದು ಒಂದು ಕೋವಿಯಿಂದ.

ನನ್ನ ಊರು ಕೊಡಗು. ಅಲ್ಲಿ ಕೋವಿ ಬರೀ ಬೇಟೆಯ ಸಾಧನವಲ್ಲ. ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಗಂಧ ಹಚ್ಚಿ, ತೋಕ್ ಪೂ ಎಂಬ ಕೆಂಪು-ಹಳದಿ ಹೂವಿಟ್ಟು ಪೂಜಿಸುತ್ತಾರೆ. ಪುತ್ತರಿಯಲ್ಲಿ ಹೊಸ ಕದಿರು ಕೊಯ್ಯುವ ಗಳಿಗೆಗೆ ಗುಂಡು ಹಾರಬೇಕು. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಎಂಬುದು ಹಿಂದಿನಿಂದ ಬಂದ ಪದ್ಧತಿ. 1861ರಲ್ಲಿ ಮಾರ್ಕ್ ಕಬ್ಬನ್ (ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೆಸರು ಬಂದದ್ದು ಇವರಿಂದಲೇ) ಕೊಡಗರಿಗೆ ಆಯುಧದ ಕಾನೂನಿನಿಂದ ವಿನಾಯಿತಿ ಕೊಟ್ಟರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು.

ನಮ್ಮ ಮನೆಯದು ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದ 12 ಬೋರಿನ ಜೋಡುನಳಿಗೆ ಕೋವಿ. ಅಜ್ಜನ ತಂದೆ ಕೊಂಡದ್ದು. ಕುದುರೆ, ಸ್ಪ್ರಿಂಗುಗಳೆಲ್ಲ ಪೆಟ್ಟಿಗೆಯಂಥ ಉಕ್ಕಿನ ಭಾಗದೊಳಗೇ ಅಡಗಿರುವ ಈ ಮಾದರಿಯನ್ನು ಆನ್ಸನ್ ಮತ್ತು ಡೀಲಿ ಎಂಬಿಬ್ಬರು 1875ರಲ್ಲಿ ರೂಪಿಸಿದರು. ಹಿಡಿಯ ಮರ ವಾಲ್‌ನಟ್, ಅಂದರೆ ಅಕ್ರೋಟು. ಹಗುರವಾಗಿದ್ದೂ ಪೆಟ್ಟು ತಡೆಯುವ ಮರವೆಂದು ಇಂಗ್ಲಿಷ್ ಕಸುಬುದಾರರು ಅದನ್ನೇ ಆರಿಸುತ್ತಿದ್ದರು. ಅಜ್ಜ ತೀರಿಕೊಂಡಾಗ ಎರಡು ಗುಂಡು ಹಾರಿದ್ದು ಇದೇ ಕೋವಿಯಿಂದ.

ಕೆಲವು ವರ್ಷಗಳ ಹಿಂದೆ ಆ ಮರದಲ್ಲಿ ಸೀಳು ಕಂಡಿತು. ಉಕ್ಕಿನ ಬಾಲದಂಥ ಪಟ್ಟಿ ಮರದೊಳಗೆ ಕೂತಿರುವ ಜಾಗದ ಹಿಂದೆ, ಹೆಬ್ಬೆರಳು ಕೂರುವಲ್ಲಿ, ಎರಡು ಅಂಗುಲ ಉದ್ದದ ಸೀಳು. ಊರಿನಲ್ಲಿರುವ ನನ್ನ ತಮ್ಮನ ಮಾತು ನೇರವಾಗಿತ್ತು: "ಅಣ್ಣಾ, ಈ ಮರ ತೆಗೆದು ಬೀಟೆಯಲ್ಲಿ ಹೊಸದು ಮಾಡಿಸೋಣ. ಸೀಳಿದ ಕೋವಿ ಪೂಜೆಗಿಡುವುದು ಚೆನ್ನಾಗಿರುವುದಿಲ್ಲ." ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಆ ಮರದ ಎಡಬದಿಯಲ್ಲಿ ಅಜ್ಜನ ಕೆನ್ನೆ ತಾಗಿ ತಾಗಿ ನುಣುಪಾದ ಒಂದು ಜಾಗವಿದೆ. ಹೊಸ ಮರಕ್ಕೆ ಅದನ್ನು ಯಾವ ಆಚಾರಿಯೂ ಕೂರಿಸಲಾರ. ನಾನು ಮೂವತ್ತು ವರ್ಷ ಇಲ್ಲಿಯ ಒಂದು ಕಾರ್ಖಾನೆಯಲ್ಲಿ ಎರಕಕ್ಕೆ ಬೇಕಾದ ಮರದ ಅಚ್ಚು ಮಾಡಿದವನು. "ಒಂದು ತಿಂಗಳು ಟೈಮ್ ಕೊಡು" ಎಂದೆ.

ಕಾನೂನಿನ ಮಾತು ಮೊದಲೇ ಹೇಳಿಬಿಡುತ್ತೇನೆ. ಕೋವಿ ಇಟ್ಟುಕೊಳ್ಳಲು ವಿನಾಯಿತಿ ಇದ್ದರೂ ಅದನ್ನು ರಿಪೇರಿ ಮಾಡಲು 1959ರ ಆಯುಧ ಕಾಯಿದೆಯಂತೆ ಲೈಸೆನ್ಸ್ ಬೇಕು. ಹಾಗಾಗಿ ಕೆಲಸ ನಡೆದದ್ದು ಲೈಸೆನ್ಸ್ ಇರುವ ಹಿರಿಯ ಮೇಸ್ತ್ರಿಯೊಬ್ಬರ ಅಂಗಡಿಯಲ್ಲಿ. ಅವರ ಪಕ್ಕದಲ್ಲಿ ಕೂತು ನೋಡಿ ಕಲಿತದ್ದನ್ನು ನಿಮಗೆ ಹೇಳುತ್ತಿದ್ದೇನೆ.

ಅವರು ಸೀಳನ್ನು ಮುಟ್ಟುವ ಮೊದಲು ಕೇಳಿದ್ದು, "ಕೋವಿಯನ್ನು ಹೇಗೆ ನಿಲ್ಲಿಸ್ತಿದ್ದಿರಿ?" ಎಂದು. ಎಲ್ಲರ ಹಾಗೆ ನಾವೂ ನಳಿಗೆ ಮೇಲೆ ಮಾಡಿ ಮೂಲೆಯಲ್ಲಿ ನಿಲ್ಲಿಸುತ್ತಿದ್ದೆವು. ಮೂರು ತಲೆಮಾರು ಭಕ್ತಿಯಿಂದ ಸವರಿದ ಎಣ್ಣೆಯೆಲ್ಲ ಕೆಳಗಿಳಿದು ಮರದ ತಲೆಯೊಳಗೆ ಸೇರಿತ್ತು. ಎಣ್ಣೆ ಕುಡಿದ ಮರ ಕಪ್ಪಾಗಿ ಮೆತ್ತಗಾಗುತ್ತದೆ. ಇದರ ಮೇಲೆ ಕೊಡಗಿನ ಮಳೆಗೆ ಮರ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಉಕ್ಕು ಹಾಗೆ ಕುಗ್ಗುವುದಿಲ್ಲ. ಕೊನೆಗೆ ಮರಕ್ಕೂ ಉಕ್ಕಿಗೂ ನಡುವೆ ಸಡಿಲವಾಗಿ, ಗುಂಡು ಹಾರಿದಾಗಿನ ಹಿನ್ನೊದೆತವೆಲ್ಲ ಆ ಬಾಲದ ತುದಿಯ ಮೇಲೆ ಬೀಳುತ್ತದೆ. ಆಗ ಅದು ಸೌದೆ ಸೀಳುವ ಬೆಣೆಯಂತೆ ಕೆಲಸ ಮಾಡುತ್ತದೆ. ಈ ಕಾರಣ ತಿಳಿಯದೆ ಬರೀ ಅಂಟು ಹಾಕಿದರೆ ನಾಲ್ಕು ಗುಂಡಿಗೆ ಮತ್ತೆ ಬಾಯಿ ಬಿಡುತ್ತದೆ.

ಆದ್ದರಿಂದ ಮೊದಲ ಕೆಲಸ ಎಣ್ಣೆ ತೆಗೆಯುವುದು. ಸೀಮೆಸುಣ್ಣದ ನಯವಾದ ಪುಡಿಯನ್ನು ಅಸಿಟೋನಿನಲ್ಲಿ ಕಲಸಿ ಮರದ ತಲೆಗೆ ಮೆತ್ತಿದರು. ದ್ರವ ಆರುತ್ತಾ ಒಳಗಿನ ಎಣ್ಣೆಯನ್ನು ಹೊರಗೆಳೆಯುತ್ತದೆ. ಬಿಳಿ ಪುಡಿ ಕಂದು ಬಣ್ಣಕ್ಕೆ ತಿರುಗುತ್ತದೆ. ಕೊಡವಿ, ಮತ್ತೆ ಮೆತ್ತಬೇಕು. ಹತ್ತಿರ ಬೆಂಕಿ ಸುಳಿಯಬಾರದು. ನಮ್ಮ ಕೋವಿಗೆ ಇದೊಂದೇ ಎರಡು ವಾರ ಹಿಡಿಯಿತು.

ಆಮೇಲೆ ಅಂಟಿನ ಪ್ರಶ್ನೆ. ಹಳಬರು ಬಳಸುತ್ತಿದ್ದುದು ಸರೇಸು. ಬಿಸಿನೀರಿನ ಹಬೆ ಕೊಟ್ಟರೆ ಅದು ಬಿಡುತ್ತದೆ, ಮುಂದೆ ಯಾರಾದರೂ ಇನ್ನೂ ಚೆನ್ನಾಗಿ ರಿಪೇರಿ ಮಾಡಲು ದಾರಿ ಇರುತ್ತದೆ. ಗಾಜಿನ ಕಪಾಟಿನಲ್ಲಿಡುವ ಕೋವಿಗೆ ಅದೇ ಸರಿ. ಆದರೆ ಎಣ್ಣೆ ಕುಡಿದಿದ್ದ ಮರವನ್ನು ಸರೇಸು ಗಟ್ಟಿಯಾಗಿ ಹಿಡಿಯುವುದಿಲ್ಲ. ನಮ್ಮದು ಪುತ್ತರಿಗೆ ಹಾರಬೇಕಾದ ಕೋವಿ. ಸಡಿಲ ಮರದ ಕೋವಿ ಹಾರಿಸುವುದು ಅಪಾಯ. ಹಾಗಾಗಿ ನಿಧಾನವಾಗಿ ಗಟ್ಟಿಯಾಗುವ ತೆಳು ಎಪಾಕ್ಸಿಯನ್ನೇ ಒಪ್ಪಿಕೊಂಡೆವು. ಒಮ್ಮೆ ಕೂತರೆ ಅದು ಸುಲಭಕ್ಕೆ ಬಿಡುವುದಿಲ್ಲ ಎಂಬುದು ಗೊತ್ತಿದ್ದೇ ಮಾಡಿದ ತೀರ್ಮಾನ.

ಅಂಟು ಹೊರಗೆ ಹಿಡಿಯದಂತೆ ಸುತ್ತಲಿನ ಮರಕ್ಕೆ ಮೇಣ ಸವರಿ, ಸೀಳನ್ನು ಕೂದಲೆಳೆಯಷ್ಟು ಅಗಲಿಸಿ ಎಪಾಕ್ಸಿ ಇಳಿಸಿದರು. ಬಿಗಿಯಲು ಬಳಸಿದ್ದೇನು ಗೊತ್ತೇ? ಸೈಕಲ್ ಟ್ಯೂಬಿನ ಪಟ್ಟಿ! ಎಂಥ ಬಾಗಿದ ಮರಕ್ಕೂ ಅದು ಸಮನಾಗಿ ಸುತ್ತಿಕೊಳ್ಳುತ್ತದೆ. ಒಳಗಡೆ, ಉಕ್ಕು ಮುಚ್ಚುವ ಜಾಗದಲ್ಲಿ, ಸೀಳಿಗೆ ಅಡ್ಡವಾಗಿ ಒಂದು ಸಣ್ಣ ಹಿತ್ತಾಳೆಯ ತಿರುಪುಕಡ್ಡಿ ಕೂರಿಸಿದರು. ಬಳಿಕ ಉಕ್ಕಿಗೆ ಕಾಡಿಗೆ ಸವರಿ ಮರದಲ್ಲಿ ಕೂರಿಸಿ ತೆಗೆದರೆ, ಎಲ್ಲಿ ತಾಗುತ್ತದೋ ಅಲ್ಲಿ ಕಪ್ಪು ಗುರುತು. ಹೀಗೆ ನೋಡಿ ನೋಡಿ ಹೆರೆದು, ಒದೆತವೆಲ್ಲ ಅಗಲವಾದ ಜಾಗದ ಮೇಲೆ ಬೀಳುವಂತೆ ಮಾಡಿ, ಬಾಲದ ತುದಿಯ ಹಿಂದೆ ಕಾಗದದ ದಪ್ಪದಷ್ಟು ಸಂದು ಬಿಟ್ಟರು. ನಿಜವಾದ ಮದ್ದು ಆ ಸಂದು.

ಮೇಲ್ಮೈಗೆ ಸ್ಯಾಂಡ್ ಪೇಪರ್ ತಾಗಿಸಲಿಲ್ಲ. ಉಜ್ಜಿದರೆ ಮರ ಉಕ್ಕಿಗಿಂತ ತಗ್ಗುತ್ತದೆ, ಹಿಡಿತಕ್ಕೆಂದು ಕೆತ್ತಿದ ಗೀರು ಅಳಿಯುತ್ತದೆ, ಅಜ್ಜನ ಕೆನ್ನೆಯ ಗುರುತೂ ಹೋಗುತ್ತದೆ. ವಾರ್ನಿಷ್ ಕೂಡ ಬೇಡವೆಂದರು. ಅಲ್ಕನೆಟ್ ಎಂಬ ಬೇರು ನೆನೆಸಿ ಕೆಂಪಾದ ಅಗಸೆ ಎಣ್ಣೆಯನ್ನು ಅಂಗೈಯಿಂದ ತೆಳ್ಳಗೆ ತಿಕ್ಕುವುದು, ಒಣಗಲು ಬಿಡುವುದು, ಮತ್ತೆ ತಿಕ್ಕುವುದು, ಇಷ್ಟೇ. ರೋಗನ್ ಜೋಶ್‌ಗೆ ಕೆಂಪು ಬಣ್ಣ ಕೊಡುವ ರತನ್‌ಜೋತ್ ಈ ಬೇರಿನ ಬಳಗದ್ದೇ. ಒಂದು ಎಚ್ಚರ: ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗಿಯೇ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ.

ಈಗ ಸೀಳಿದ್ದ ಜಾಗದಲ್ಲಿ ಒಂದು ತೆಳು ಗೆರೆ ಕಾಣುತ್ತದೆ. "ಅದನ್ನೂ ಮುಚ್ಚಿಸಬಹುದಿತ್ತಲ್ಲ ಪಪ್ಪಾ?" ಎಂದು ಇಲ್ಲಿಯೇ ಹುಟ್ಟಿ ಬೆಳೆದ ನನ್ನ ಮಗಳು ಕೇಳಿದಳು. ಮುಚ್ಚಬಹುದಿತ್ತು. ಆದರೆ ಮುಂದೆ ಕೋವಿ ಹಿಡಿಯುವವರು ಎಲ್ಲಿ ಪೆಟ್ಟಾಗಿತ್ತೆಂದು ನೋಡಿದೊಡನೆ ತಿಳಿಯಬೇಕು. ಹಿಡಿಯ ತುದಿಯ ತಟ್ಟೆಯೊಳಗೆ ರಿಪೇರಿಯ ದಿನ, ಬಳಸಿದ ಅಂಟು, ಕಡ್ಡಿಯ ಜಾಗ ಬರೆದು ಚೀಟಿ ಇಟ್ಟಿದ್ದೇವೆ. ಕನ್ನಡದಲ್ಲಿ ಬರೆದವಳು ಅವಳೇ. ಎರಡು ಒತ್ತಕ್ಷರ ತಪ್ಪಿವೆ, ಇರಲಿ. ತಮ್ಮ ಈಗ ಕೋವಿಯನ್ನು ಎಣ್ಣೆ ಒರೆಸಿ, ನಳಿಗೆ ಕೆಳಗೆ ಮಾಡಿ ಇಡುತ್ತಾನೆ.

ನಿಮ್ಮ ಮನೆಯಲ್ಲಿ ಕೋವಿ ಇರಲಾರದು. ತೊಟ್ಟಿಲೋ, ವೀಣೆಯೋ, ಅಡಿಕೆ ಪೆಟ್ಟಿಗೆಯೋ ಇದ್ದೀತು. ಈ ಸಲ ಊರಿಗೆ ಹೋದಾಗ ಅದನ್ನು ಬೆಳಕಿಗೆ ತಂದು ನೋಡಿ. ಪಾಲಿಶ್ ಮಾಡಿಸುವ ಅವಸರ ಬೇಡ. ಅದು ಏಕೆ ಒಡೆಯಿತು, ಅದರ ಮೇಲಿನ ಸವಕಳಿ ಯಾರ ಕೈಯದು ಎಂದು ಹಿರಿಯರನ್ನು ಕೇಳಿ. ಹೇಳುವವರು ಇರುವಾಗಲೇ ಕೇಳಿ.